ಗುಬ್ಬಿಯ ಅಳಿಸುವ ಕೀ

ಕಸ್ತೂರಿಗೆ ಎಪ್ಪತ್ತಾರು ನಡೆಯುತ್ತಿದ್ದ ವರ್ಷ, ಧಾರವಾಡದ ಒಂದು ಪ್ರಯೋಗಾಲಯದವರು ಅವಳ ಕೈ ಕೇಳಿಕೊಂಡು ಹುಬ್ಬಳ್ಳಿಯ ಮನೆಗೆ ಬಂದರು.

"ಕನ್ಯಾ ಕೇಳಾಕ ಬರೋದು ಗೊತ್ತೈತಿ. ಬರೇ ಕೈ ಕೇಳಾಕ ಬಂದವರನ್ನ ಇವತ್ತ ನೋಡಿದೆ," ಎಂದು ಅವಳ ಗಂಡ ಮಲ್ಲೇಶಪ್ಪ ನಕ್ಕ. ಮೂವತ್ತಾರು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು ಅವನು. ಯಾರ ಜೊತೆಗಾದರೂ ಎರಡು ನಿಮಿಷದಲ್ಲಿ ಮಾತು ಕುದುರಿಸಿಕೊಳ್ಳುತ್ತಿದ್ದ.

ಬಂದವಳು ನೌಶೀನ್ ಮುಲ್ಲಾ ಎಂಬ ಇಂಜಿನಿಯರ್. ಮೂವತ್ತೈದರ ಆಸುಪಾಸಿನ ಹೆಂಗಸು. ಚಹಾ ಮುಟ್ಟುವ ಮೊದಲೇ ಚೀಲದಿಂದ ಒಂದು ಫೋಟೋ ತೆಗೆದು ಕಸ್ತೂರಿಯ ಮುಂದಿಟ್ಟಳು. ಬೂದು ಬಣ್ಣದ ಒಂದು ಚಪ್ಪಟೆ ಡಬ್ಬಿ, ಅದರ ತುಂಬ ಕನ್ನಡ ಅಕ್ಷರಗಳ ಕೀಗಳು, ಬಲಮೂಲೆಯಲ್ಲಿ ಪುಟ್ಟ ಗುಬ್ಬಿಯ ಚಿತ್ರ.

"ಇದರ ಗುರುತು ಹತ್ತೇತೇನ್ರಿ ಅಮ್ಮಾರ?"

ಗುರುತು ಹತ್ತದೆ ಏನು? ಅದರ ಹೆಸರೇ ಗುಬ್ಬಿ. ಐವತ್ತೈದು ವರ್ಷದ ಹಿಂದೆ ಗೋಕುಲ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಮನೆಬಳಕೆಯ ಕಂಪ್ಯೂಟರು. ಟೀವಿಗೆ ತಂತಿ ಸಿಕ್ಕಿಸಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಮೂರು ವರ್ಷ ನಡೆದು ಕಾರ್ಖಾನೆ ಮುಚ್ಚಿತು. ಅಲ್ಲಿ ಕೀ ಪರೀಕ್ಷೆ ಮಾಡುವುದು ಕಸ್ತೂರಿಯ ಕೆಲಸವಾಗಿತ್ತು. ದಿನಕ್ಕೆ ನಲವತ್ತು ಯಂತ್ರ, ಪ್ರತಿ ಯಂತ್ರದ ಪ್ರತಿ ಕೀಯನ್ನೂ ಇಪ್ಪತ್ತು ಸಲ ಒತ್ತಿ ನೋಡಬೇಕು. ಗಟ್ಟಿ ಅನ್ನಿಸಿದ್ದು, ಸಡಿಲ ಅನ್ನಿಸಿದ್ದು ವಾಪಸು ಹೋಗುತ್ತಿತ್ತು. ಅದಕ್ಕೆ ಅಳತೆ ಅಂತ ಯಾವುದೂ ಇರಲಿಲ್ಲ. ಕಸ್ತೂರಿಯ ಬೆರಳೇ ಅಳತೆ.

"ಇದನ್ನ ಮತ್ತ ಮಾಡಾಕತ್ತೀವ್ರಿ," ಎಂದಳು ನೌಶೀನ್. "ಹಂಗಿಂದ ಹಂಗ. ಒಂದು ಸ್ಕ್ರೂ ಸೈತ ಬ್ಯಾರೆ ಇರಬಾರದು."

"ಯಾಕ? ಈಗ ಯಾರವ್ವಾ ಟೈಪ್ ಮಾಡ್ತಾರ?"

ಕಸ್ತೂರಿ ಕೇಳಿದ್ದು ಸರಿಯೇ ಇತ್ತು. ಆ ಹೊತ್ತಿಗೆ ಜನ ಬೆರಳಾಡಿಸುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಎಲ್ಲರ ಮನೆಯ ಗೋಡೆಯೊಳಗೂ ಮನೆವಾಣಿ ಕೂತಿತ್ತು. ನೀವು ಅರ್ಧ ಹೇಳಿದರೆ ಉಳಿದರ್ಧ ಅದೇ ಹೇಳಿ, ಕೆಲಸವನ್ನೂ ಮಾಡಿಬಿಡುತ್ತಿತ್ತು. ಮೊದಮೊದಲು ಎಲ್ಲರಿಗೂ ಹಿಗ್ಗು. ಬರಬರುತ್ತ, ತಾವು ಹೇಳಬೇಕೆಂದಿದ್ದು ಅದೇ ಹೌದೋ ಅಲ್ಲವೋ ಎನ್ನುವುದೇ ಜನಕ್ಕೆ ತಿಳಿಯದಂತಾಯಿತು. ಒತ್ತುವವರೆಗೂ ಸುಮ್ಮನೆ ಕಾಯುವ, ಒತ್ತಿದಷ್ಟನ್ನೇ ಬರೆಯುವ ಯಂತ್ರ ಬೇಕು ಅನ್ನುವವರು ಊರೂರಲ್ಲಿ ಹುಟ್ಟಿಕೊಂಡಿದ್ದರು. ಗುಬ್ಬಿ ಬೇಕಾಗಿದ್ದು ಅವರಿಗೆ.

ತೊಡಕು ಇದ್ದದ್ದು ಕೀಗಳಲ್ಲಿ. ಉಳಿದಿದ್ದ ನಾಲ್ಕು ಹಳೆಯ ಗುಬ್ಬಿಗಳಲ್ಲಿ ಕೀಗಳ ಕೆಳಗಿನ ರಬ್ಬರು ಪುಡಿಪುಡಿಯಾಗಿತ್ತು. ನಕ್ಷೆಯೂ ಇರಲಿಲ್ಲ. ಆ ಕೀ ಎಷ್ಟು ಒತ್ತಿದರೆ ಕೆಳಗಿಳಿಯುತ್ತಿತ್ತು, ಎಲ್ಲಿ ತಟ್ಟನೆ ಬಿಟ್ಟುಕೊಡುತ್ತಿತ್ತು ಎನ್ನುವುದು ಲೋಕದಲ್ಲಿ ಎಲ್ಲಿಯೂ ದಾಖಲಾಗಿರಲಿಲ್ಲ.

"ನಿಮ್ಮ ಕೈಯಾಗ ಇರಬಹುದ್ರಿ," ಎಂದಳು ನೌಶೀನ್.

*

ಪ್ರಯೋಗಾಲಯದಲ್ಲಿ ಕಸ್ತೂರಿಯ ಎರಡೂ ಮುಂಗೈಗೆ ತೆಳುವಾದ ಪಟ್ಟಿ ಸುತ್ತಿದರು. ನೌಶೀನ್ ಅದರ ಕೆಲಸವನ್ನು ತಿಳಿಯುವ ಹಾಗೆ ಹೇಳಿದಳು.

"ತುಂಬೇತಿ ಅಂದುಕೊಂಡು ಖಾಲಿ ಕೊಡ ಎತ್ತಿದ್ರ ಕೈ ಝಗ್ ಅಂತ ಮ್ಯಾಲೆ ಹೋಗ್ತದ, ಹೌದಲ್ರಿ? ಯಾಕಂದ್ರ ಎತ್ತೂಕಿಂತ ಮೊದಲ ಕೈ ಭಾರದ ಅಂದಾಜು ಮಾಡಿರ್ತದ. ಕೀ ಒತ್ತೂಕಿಂತ ಮೊದಲೂ ಬೆರಳು ಹಂಗ ಅಂದಾಜು ಮಾಡ್ತದ. ಆ ಅಂದಾಜನ್ನ ಈ ಪಟ್ಟಿ ಅಳೀತದ. ಅಂದಾಜು ಸಿಕ್ರ ಸಾಕು, ಕೀ ಹೆಂಗಿತ್ತು ಅಂತ ನಾವು ಲೆಕ್ಕ ಹಾಕ್ತೀವಿ."

"ಐವತ್ತೈದು ವರ್ಷ ಆತಲ್ಲವ್ವಾ."

"ತಲಿ ಮರೀತದ್ರಿ, ಕೈ ಅಷ್ಟು ಲಗೂನ ಮರೆಯೂದಿಲ್ಲ. ಆದ್ರ ಒಂದ್ ಮಾತು ಮೊದಲ ಹೇಳ್ಬೇಕು." ನೌಶೀನ್ ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. "ನಾವು ಕೊಡೋ ಕೀ ಹಳೇದರ ಹಂಗ ಇರೂದಿಲ್ಲ. ಪ್ರತಿ ಸಲ ಒತ್ತಿದಾಗೂ ನಿಮ್ಮ ಕೈ ಹೊಸಾದನ್ನ ಸ್ವಲ್ಪ ಕಲೀತದ, ಹಳೇದನ್ನ ಸ್ವಲ್ಪ ಬಿಡ್ತದ. ಒಗೆದಂಗೆಲ್ಲಾ ಸೀರಿ ಬಣ್ಣ ಬಿಡ್ತದಲ್ಲ, ಹಂಗ. ಕೆಲಸ ಮುಗಿಯೂದರಾಗ ನಿಮ್ಮ ಕೈಯಾಗ ಹಳೇ ಗುಬ್ಬಿ ಉಳಿಯೂದಿಲ್ಲ. ನಡೀತದೇನ್ರಿ?"

ಕೈಯಲ್ಲಿ ಏನೋ ಉಳಿದಿದೆ ಎನ್ನುವುದೇ ಕಸ್ತೂರಿಗೆ ಅವತ್ತಿನವರೆಗೆ ತಿಳಿದಿರಲಿಲ್ಲ. ಹೋದರೆ ಹೋಗಲಿ ಎಂದು ತಲೆಯಾಡಿಸಿದಳು.

ನೌಶೀನ್ ಮಾತಿನ ಭರದಲ್ಲಿ ಇನ್ನೊಂದು ಸಂಗತಿ ಹೇಳಿದಳು. ಹಳೆಯ ಕೆಲಸಗಾರರಲ್ಲಿ ಬದುಕಿರುವವರು ಇಬ್ಬರೇ. ಇನ್ನೊಬ್ಬರಿಗೆ ಏನೂ ನೆನಪಿಲ್ಲ. "ಪರದೆ ಪರೀಕ್ಷಾ ಖೋಲ್ಯಾಗ ಪ್ರಭುದಾಸ ಗುತ್ತಲ ಅಂತ ಇದ್ರಂತ. ವಾಸ್ಕೋದಾಗ ತೀರ್ಕೊಂಡು ಹನ್ನೆರಡು ವರ್ಷ ಆತು. ಅವರ ಮಗಳು ಒಂದು ಹಳೇ ಸರ್ಕಿಟ್ ಹಾಳಿ ಕಳಿಸ್ಯಾರ. ಅಪ್ಪ ಕಡೀತನಕ ಇಟ್ಕೊಂಡಿದ್ದ ಅಂತ."

ಕಸ್ತೂರಿ ಮುಂಗೈ ಮೇಲಿನ ಪಟ್ಟಿಯನ್ನು ನೋಡುತ್ತ ಕೂತಳು. ತೀರಿಕೊಂಡ ಸುದ್ದಿ ಅವಳಿಗೆ ಯಾರೂ ತಲುಪಿಸಿರಲಿಲ್ಲ. ತಲುಪಿಸಬೇಕಾದವರು ಯಾರು? ಅವಳಿಗೂ ಅವನಿಗೂ ನಡುವೆ ಒಂದು ಮಾತಿತ್ತು ಎನ್ನುವುದು ಗೊತ್ತಿದ್ದವರೇ ಇರಲಿಲ್ಲ.

"ನೀರು ಕುಡೀತೀರೇನ್ರಿ?"

"ಬ್ಯಾಡವ್ವಾ. ಶುರು ಮಾಡ್ರಿ."

*

ಬುದ್ಧಿ ಅಡ್ಡ ಬರಬಾರದೆಂದು, ಕೈ ಟೈಪ್ ಮಾಡುವಾಗ ಬಾಯಿ ಬೇರೆ ಏನಾದರೂ ಹೇಳುತ್ತಿರಬೇಕಿತ್ತು. ಕಸ್ತೂರಿ ಜೋಳದ ರೊಟ್ಟಿ ಬಡಿಯುವುದನ್ನು ಹೇಳಿದಳು, ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹಾಕಬೇಕೆಂದು ಹೇಳಿದಳು, ಮಲ್ಲೇಶಪ್ಪ ಹೋಗುತ್ತಿದ್ದ ದಾರಿಯ ಊರುಗಳನ್ನೆಲ್ಲ ಒಂದಾದಮೇಲೊಂದು ಹೇಳಿದಳು. ಹೊರಗೆ ಬೇವಿನ ಮರದ ಕೆಳಗೆ ಕೂತ ಮಲ್ಲೇಶಪ್ಪ ಕಾವಲುಗಾರನಿಗೆ ಅವೇ ಊರುಗಳ ಕತೆ ಹೇಳುತ್ತಿದ್ದ. ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು.

ಮನೆಗೆ ಬಂದರೆ ಮನೆವಾಣಿ. "ಕಸ್ತೂರಿಯವರೇ, ನಿಮ್ಮ ನಡಿಗೆ ನಿಧಾನವಾಗಿದೆ. ಬೇಸರವಾಗಿದೆಯೇ? ತಂಗಿಗೆ ಫೋನ್..."

"ಏ, ಸುಮ್ಮಿರು," ಎಂದು ಮಲ್ಲೇಶಪ್ಪ ಗೋಡೆಗೆ ಗದರಿದ. "ಅಕಿ ಏನರ ಹೇಳೂದಿದ್ರ ಅಕೀನ ಹೇಳ್ತಾಳ." ಆಮೇಲೆ ಅವಳ ಕಡೆ ತಿರುಗಿ, "ದಣಿವಾಗಿದ್ರ ನಾಳೆ ಹೋಗೂದು ಬ್ಯಾಡ," ಎಂದ.

ದಣಿವಲ್ಲ ಎಂದಳು ಕಸ್ತೂರಿ.

ಎಂಟನೆಯ ದಿನ ನೌಶೀನ್ ಒಂದು ಉದ್ದದ ಕಾಗದ ಹಿಡಿದುಕೊಂಡು ಬಂದಳು. ಬೆರಳುಗಳು ಒತ್ತಿದ್ದೆಲ್ಲ ಅದರಲ್ಲಿ ಸಾಲಾಗಿ ಅಚ್ಚಾಗಿತ್ತು.

"ಅಮ್ಮಾರ, ಪರೀಕ್ಷೆ ಸಾಲಿನ ನಡುವ ನಿಮ್ಮ ಕೈ ಒಮ್ಮೊಮ್ಮೆ ಬ್ಯಾರೆ ಕಡೆ ಹೋಗಾಕತ್ತೈತ್ರಿ. ಹನ್ನೊಂದು ಕೀ ಒತ್ತತದ. ಆಮ್ಯಾಲೆ ಅಳಿಸೋ ಕೀ, ಹನ್ನೊಂದು ಸಲ. ಪರದೆ ಮ್ಯಾಲೆ ಏನೂ ಉಳಿಯೂದಿಲ್ಲ. ಅದಕ್ಕ ನನಗ ಮೊದಲ ತಿಳೀಲಿಲ್ಲ. ಎಂಟು ದಿನದಾಗ ಅರವತ್ತೇಳು ಸಲ ಆಗೇತಿ."

ಕಾಗದದ ಮೇಲೆ ಆ ಹನ್ನೊಂದು ಕೀ ಕೂಡಿಕೊಂಡು ಎರಡು ಶಬ್ದವಾಗಿದ್ದವು. ನಾನೂ ಬರತೀನಿ.

ಕಸ್ತೂರಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಹಾಕಿಕೊಂಡಳು. ಶಬ್ದ ಅಲ್ಲೇ ಇತ್ತು. ಒಂದು ಸುಳ್ಳು ಹೇಳಬಹುದಿತ್ತು, ಬೆರಳಿನ ಕಸರತ್ತು ಅನ್ನಬಹುದಿತ್ತು. ಆದರೆ ಐವತ್ತೈದು ವರ್ಷದಲ್ಲಿ ಮೊದಲ ಸಲ ಒಬ್ಬರು ಅದನ್ನು ಓದಿದ್ದರು. ಓದಿದವರಿಗೆ ಹೇಳದಿರಲು ಅವಳ ಕೈಲಾಗಲಿಲ್ಲ.

ಪರೀಕ್ಷೆಯ ಸಾಲಿನಲ್ಲಿ ಮಾತಾಡುವ ಹಾಗಿರಲಿಲ್ಲ. ಗೋಡೆಯ ಆಚೆ ಪರದೆ ನೋಡುವ ಕೋಣೆ, ಅಲ್ಲಿ ಪ್ರಭುದಾಸ. ಅವಳ ಯಂತ್ರದಿಂದ ಅವನ ಯಂತ್ರಕ್ಕೆ ಗೋಡೆಯಲ್ಲಿ ತೂತು ಕೊರೆದು ತಂತಿ ಎಳೆದಿದ್ದರು. ಆ ತಂತಿಯಲ್ಲಿ ಇಬ್ಬರೂ ಬರೆದುಕೊಳ್ಳುತ್ತಿದ್ದರು. ಊಟಕ್ಕೆ ಏನು ತಂದಿದ್ದೀರಿ, ಮೇಲ್ವಿಚಾರಕರು ಆ ಕಡೆ ಬಂದರು ನೋಡಿ, ಇಂಥವು. ಎದುರಾಬದುರು ಸಿಕ್ಕರೆ ಇಬ್ಬರಿಗೂ ಮಾತೇ ಹೊರಡುತ್ತಿರಲಿಲ್ಲ. ಕಾರ್ಖಾನೆ ಮುಚ್ಚುವುದು ಖಾತ್ರಿಯಾದಾಗ ಅವನಿಗೆ ವಾಸ್ಕೋ ಬಂದರಿನಲ್ಲಿ ಹಡಗಿನ ರೇಡಿಯೋ ರಿಪೇರಿ ಕೆಲಸ ಸಿಕ್ಕಿತು. ಒಂದು ಸೋಮವಾರ ಅವಳ ಪರದೆಯ ಮೇಲೆ ಬಂತು: 'ಮುಂದಿನ ತಿಂಗಳು ಹೊಂಟೀನಿ. ನೀವೂ ಬರ್ತೀರೇನು?'

"ಅವರು ಚರ್ಚಿನವರು, ನಾವು ಮಠದವರು. ಎರಡೂ ಮನಿಯಾಗ ಬೆಂಕಿ ಬೀಳ್ತಿತ್ತು," ಎಂದಳು ಕಸ್ತೂರಿ. "ಒಂದು ತಿಂಗಳು ದಿನಾ ಇದನ್ನ ಬರದೆ. ಬರದ್ರ ಅವರಿಗೆ ಹೋಗೂದಿಲ್ಲ, ಕಳಿಸೋ ಕೀ ಒತ್ತಬೇಕು. ಅದರ ಮ್ಯಾಲೆ ಬೆರಳ ಇಡ್ತಿದ್ದೆ. ಒತ್ತಾಕ ಆಗ್ತಿರಲಿಲ್ಲ. ಅಳಿಸ್ತಿದ್ದೆ. ಅವರು ಹೋದ್ರು. ನಾ ಉತ್ತರಾನ ಕೊಡಲಿಲ್ಲ ಅಂತ ತಿಳ್ಕೊಂಡು ಹೋದ್ರು."

ನೌಶೀನ್ ಕಾಗದವನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದಳು. "ಒಂದು ಮಾತು ತಿಳಿಯವಲ್ದ್ರಿ. ಒಂದು ತಿಂಗಳು ಬರದದ್ದು ಇಷ್ಟು ತಾಜಾ ಉಳಿಯೂದಿಲ್ಲ. ಪರೀಕ್ಷೆ ಸಾಲು ಮೂರು ವರ್ಷ ಬರದೀರಿ, ಅದರಕಿಂತ ಇದ ಸ್ಪಷ್ಟ ಅದ. ಆಮ್ಯಾಲೂ ಬರದಿದ್ರೇನು?"

"ಎದರ ಮ್ಯಾಲೆ ಬರೀಲಿ? ಆಮ್ಯಾಲೆ ನಾ ಯಾವ ಮಶೀನೂ ಮುಟ್ಟಲಿಲ್ಲ."

*

ಎರಡು ತಿಂಗಳ ಮೇಲೆ ಹೊಸ ಗುಬ್ಬಿಗಳು ಎರಡು ತಯಾರಾದವು. ಕಸ್ತೂರಿ ಮೊದಲ ಕೀ ಒತ್ತಿ, ಮತ್ತೆ ಮತ್ತೆ ಅದನ್ನೇ ಒತ್ತಿದಳು. ಅದೇ ತಡೆ, ಅದೇ ತಟ್ಟನೆ ಬಿಟ್ಟುಕೊಡುವ ಗುಣ. ಪ್ರಭುದಾಸನ ಮಗಳು ಕಳಿಸಿದ ಹಾಳೆಯನ್ನು ನೋಡಿ ತಂತಿಯನ್ನೂ ಇದ್ದ ಹಾಗೆಯೇ ಮಾಡಿದ್ದರು. ಒಂದು ಯಂತ್ರ ಈ ಕೋಣೆಯಲ್ಲಿ, ಇನ್ನೊಂದು ಆಚೆ ಕೋಣೆಯಲ್ಲಿ ನೌಶೀನಳ ಮುಂದೆ. ಏನಾದರೂ ಬರೆಯಿರಿ ಎಂದಿದ್ದಳು.

ಕಸ್ತೂರಿಯ ಬೆರಳು ತನ್ನ ಹಳೆಯ ದಾರಿ ಹಿಡಿಯಿತು. ಹನ್ನೊಂದು ಕೀ. ಕಳಿಸುವ ಕೀಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಒಂದೊಂದಾಗಿ ಅಳಿಸಿತು.

"ಯಾಕ್ರಿ ಅಳಿಸಿದ್ರಿ?" ಆಚೆ ಕೋಣೆಯಿಂದ ನೌಶೀನ್ ಕೂಗಿದಳು. "ಛಲೋ ಬಂದಿತ್ತಲ್ಲ!"

"ಏನು ಬಂದಿತ್ತು? ನಾ ಕಳಿಸೇ ಇಲ್ಲ."

ಬಾಗಿಲಲ್ಲಿ ನೌಶೀನ್ ಕಾಣಿಸಿಕೊಂಡಳು. ಏನಾಗಿದೆ ಎನ್ನುವುದು ಅವಳಿಗೆ ಆಗಲೇ ಹೊಳೆದಿತ್ತು.

"ಅಮ್ಮಾರ... ಅವರ ಖೋಲಿ ಪರದೆ ಪರೀಕ್ಷಾದ್ದು. ನೀವು ಒತ್ತಿದ ಪ್ರತಿ ಕೀ ಆ ಕಡೆ ಅಕ್ಷರ ಮೂಡಸ್ತದೋ ಇಲ್ಲೋ ಅಂತ ನೋಡೂದ ಅವರ ಕೆಲಸ. ಕಳಿಸೋ ಕೀ ಒತ್ತಲಿ ಬಿಡಲಿ, ನೀವು ಬರದದ್ದು ಬರದಂಗ ಅಲ್ಲಿ ಕಾಣ್ತಿತ್ತು. ಅಳಿಸಿದ್ರ ಅಳಿಸಿದಂಗ ಕಾಣ್ತಿತ್ತು. ಅವರದು ನಿಮ್ಮ ಕಡೆ ಸಾಲ್ ಸಾಲ್ ಆಗಿ ಬರ್ತಿತ್ತು, ಅದಕ್ಕ ನಿಮ್ಮದೂ ಹಂಗ ಹೋಗ್ತದ ಅಂತ ನೀವು ತಿಳ್ಕೊಂಡ್ರಿ."

ಕಸ್ತೂರಿ ಎದ್ದು ಆಚೆ ಕೋಣೆಗೆ ಹೋದಳು. ಪ್ರಭುದಾಸ ಕೂರುತ್ತಿದ್ದ ಕಡೆಯ ಪರದೆಯನ್ನು ಅವಳು ಹಿಂದೆ ಎಂದೂ ನೋಡಿರಲಿಲ್ಲ. ಕೂತಳು. ಆ ಸಾಲನ್ನು ತನ್ನ ಯಂತ್ರದಲ್ಲಿ ಬರೆದು ಅಳಿಸಲು ನೌಶೀನಳಿಗೆ ಹೇಳಿದಳು. ಕಪ್ಪು ಪರದೆಯ ಮೇಲೆ ನ ಬಂತು, ಅದಕ್ಕೆ ದೀರ್ಘ ಬಂತು, ಒಂದೊಂದೇ ಅಕ್ಷರವಾಗಿ ಮಾತು ಪೂರ್ತಿಯಾಯಿತು. ಪೂರ್ತಿಯಾಗಿ ಒಂದು ಗಳಿಗೆ ನಿಂತಿತು. ಆಮೇಲೆ ಹಿಂದಿನಿಂದ ಒಂದೊಂದೇ ಅಕ್ಷರ ಮಾಯವಾಗಿ, ಕಪ್ಪು ಉಳಿಯಿತು.

ಇದನ್ನು ಅವನು ಒಂದು ತಿಂಗಳು ನೋಡಿದ್ದ. ದಿನಕ್ಕೆ ಎಷ್ಟು ಸಲವೋ.

ಹೊರಡುವ ಹಿಂದಿನ ಶುಕ್ರವಾರ ಅವನು ಬರೆದಿದ್ದ ಮಾತೊಂದು ಅವಳಿಗೆ ಆಗ ನೆನಪಾಯಿತು. 'ಕಸ್ತೂರಿಯವರ, ಅಳಿಸೋ ಕೀ ಛಲೋ ಕೆಲಸ ಮಾಡ್ತೈತ್ರಿ. ಇನ್ನ ಅದರ ಪರೀಕ್ಷಾ ಸಾಕು.' ಕೀ ಪರೀಕ್ಷೆ ನನ್ನ ಕೆಲಸ, ಇವರದೇನು ನಡುವೆ ಎಂದು ಅವಳಿಗೆ ಸಿಟ್ಟು ಬಂದಿತ್ತು ಅವತ್ತು.

"ನೋಡೀನಿ ಅಂತ ಹೇಳಬಾರದಾಗಿತ್ತ?" ಎಂದಳು ಕಸ್ತೂರಿ. ಯಾರನ್ನು ಕೇಳಿದಳೋ. "ಒಂದು ಮಾತು ಹೇಳಿದ್ರ ಸಾಕಾಗಿತ್ತಲ್ಲ."

ನೌಶೀನ್ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಳು. "ಗುಬ್ಬಿ ಮಾರೋ ಕಂಪನಿಯವರಿಗೆ ತಿಳಿದ್ರ ಇದನ್ನ ಮುಚ್ರಿ ಅಂತಾರ," ಎಂದಳು. "ಕಳಿಸೂತನಕ ಆ ಕಡೆ ಏನೂ ಕಾಣಬಾರದು ಅಂತಾರ. ಗುಬ್ಬಿ ಇದ್ದಂಗ ಇರಬೇಕು ಅಂದ್ರ ಬಿಡಬೇಕು. ನೀವು ಹೆಂಗ ಹೇಳ್ತೀರಿ ಹಂಗ ಬರದು ಕಳಿಸ್ತೀನಿ."

"ಎರಡು ದಿನ ಕೊಡವ್ವಾ," ಎಂದಳು ಕಸ್ತೂರಿ.

*

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ನವಲೂರು ದಾಟುವುದರೊಳಗೆ ಕಸ್ತೂರಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮಲ್ಲೇಶಪ್ಪ ನಡುವೆ ಒಂದು ಮಾತೂ ಆಡಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ಹನ್ನೊಂದೇನು?" ಎಂದ ಕೊನೆಗೆ.

"ಏನು?"

"ಬೆರಳು. ಮೊದಲು ಎಲ್ಲಾ ಬೆರಳೂ ಆಡತಾವು. ಆಮ್ಯಾಲೆ ಬಲಗೈ ಕಿರಿಬೆರಳು ಒಂದ. ಹನ್ನೊಂದೇನು ಅದು?"

ಕಸ್ತೂರಿ ಅವನ ಮುಖ ನೋಡಿದಳು.

"ಮದಿವ್ಯಾದ ಹೊಸದಾಗಿಂದ ನೋಡೀನಿ," ಎಂದ ಮಲ್ಲೇಶಪ್ಪ. "ಅಕ್ಕಿ ಆರಿಸ್ತಾ ಮೊರದ ಮ್ಯಾಲೆ. ದವಾಖಾನ್ಯಾಗ ಕುಂತಾಗ ತೊಡಿ ಮ್ಯಾಲೆ. ಮಧ್ಯಾಹ್ನ ಒರಗಿದಾಗ ನನ್ನ ತೋಳ ಮ್ಯಾಲೂ. ನಿನಗ ಖಬರ ಇರ್ತಿರಲಿಲ್ಲ. ಯಾವುದರ ಹಾಡಿನ ತಾಳ ಇರಬೇಕು ಅಂದುಕೊಂಡೆ. ಕೇಳಿದ್ರ ಎಲ್ಲೆ ನಿಲ್ಲಿಸಿಬಿಡ್ತಿಯೋ ಅಂತ ಕೇಳಲಿಲ್ಲ."

ನೌಶೀನಳಿಗೆ ತಿಳಿಯದಿದ್ದ ಸಂಗತಿ ಹೀಗೆ ತಿಳಿಯಿತು. ಕೈ ಅದನ್ನು ಮರೆತಿರಲಿಲ್ಲ, ಏಕೆಂದರೆ ಬಿಟ್ಟೇ ಇರಲಿಲ್ಲ.

ಬಸ್ಸು ಉಣಕಲ್ಲ ಕೆರೆಯ ದಂಡೆಗೆ ಬಂತು. ಇಳಿಯುವಾಗ ಮಲ್ಲೇಶಪ್ಪ ಯಾವತ್ತಿನ ಹಾಗೆ ಮೊದಲು ತಾನಿಳಿದು ಅವಳಿಗೆ ಕೈ ಕೊಟ್ಟ.

*

ಎರಡು ದಿನ ಬಿಟ್ಟು ಕಸ್ತೂರಿ ನೌಶೀನಳಿಗೆ ಹೇಳಿದಳು. "ಮುಚ್ಚಬ್ಯಾಡ್ರಿ. ಇದ್ದಂಗ ಇರಲಿ. ಆದ್ರ ಬರಿಯೋರ ಕಡೆ ಒಂದು ಸಣ್ಣ ದೀಪ ಇಡ್ರಿ. ಆ ಕಡೆ ಯಾರರ ನೋಡಾಕತ್ತಿದ್ರ ಹತ್ತಬೇಕು."

"ಹಳೇ ಗುಬ್ಬಿಗೆ ದೀಪ ಇರಲಿಲ್ಲರಿ."

"ಇರಲಿಲ್ಲ. ಅದಕ್ಕ ಹೇಳಾಕತ್ತೀನಿ."

ಕಂಪನಿಯವರು ಮೊದಲು ಒಪ್ಪಲಿಲ್ಲ. ಮೂಲಕ್ಕೆ ಧಕ್ಕೆಯಾಗುತ್ತದೆ ಎಂದರು. ನೌಶೀನ್ ಮೂರು ಸಲ ಬರೆದಳು, ಕೊನೆಗೆ ಖುದ್ದಾಗಿ ಹೋಗಿ ಕೂತಳು. ಹೊಸ ಗುಬ್ಬಿ ಅಂಗಡಿಗೆ ಬಂದಾಗ ಅದರಲ್ಲಿ ಸಾಸಿವೆಯಷ್ಟು ಹಸಿರು ದೀಪವೊಂದಿತ್ತು. ಎಲ್ಲದರಲ್ಲೂ ಮೂಲದಂತೆಯೇ ಇದ್ದ ಯಂತ್ರದಲ್ಲಿ ಬೇರೆಯಾಗಿದ್ದದ್ದು ಅದೊಂದೇ.

ಅಷ್ಟರಲ್ಲಿ ಕಸ್ತೂರಿಯ ಕೈ ಖಾಲಿಯಾಗಿತ್ತು. ಕೊನೆಯ ಸಲ ಪಟ್ಟಿ ಸುತ್ತಿದಾಗ ಹಳೆಯದು ಒಂದು ಗೆರೆಯೂ ಸಿಗಲಿಲ್ಲ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತರೆ ಬೆರಳು ಸುಮ್ಮನೆ ಅಕ್ಕಿ ಆರಿಸುತ್ತಿತ್ತು. ಬೇಕೆಂದೇ ಆ ಹನ್ನೊಂದನ್ನು ಒತ್ತಲು ನೋಡಿದಳು. ಎಲ್ಲೋ ನಡುವೆ ತಪ್ಪಿತು. ಅವತ್ತು ಅವಳು ಬಹಳ ಅತ್ತಳು. ಪ್ರಭುದಾಸ ಊರು ಬಿಟ್ಟ ದಿನವೂ ಅಷ್ಟು ಅತ್ತಿರಲಿಲ್ಲ.

ನೌಶೀನ್ ಎರಡು ಗುಬ್ಬಿಗಳನ್ನು ಅವಳ ಮನೆಗೇ ತಂದುಕೊಟ್ಟು, ಪಡಸಾಲೆಯಲ್ಲಿ ಒಂದು, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಒಂದು ಇಟ್ಟು ತಂತಿ ಎಳೆದು ಹೋದಳು. ತನಗೇನು ಬರುತ್ತದೆ ಅದು ಎಂದು ಮಲ್ಲೇಶಪ್ಪ ಹದಿನೈದು ದಿನ ಅದರ ಹತ್ತಿರ ಸುಳಿಯಲಿಲ್ಲ.

ಒಂದು ಮುಂಜಾನೆ ಕಸ್ತೂರಿ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಅವಳ ಕಡೆಯ ಪರದೆಯ ಮೇಲೆ ಒಂದು ಅಕ್ಷರ ಮೂಡಿತು. ಪಡಸಾಲೆಯಲ್ಲಿ ಒಂದೇ ಬೆರಳಿನಿಂದ ಕೀ ಹುಡುಕಿ ಹುಡುಕಿ ಕುಕ್ಕುವ ಸದ್ದು. ಅವಳು ಬಟ್ಟೆ ಬಿಟ್ಟು ಬಂದು ಕೂತಳು. ಆ ಕಡೆ ಹಸಿರು ದೀಪ ಹತ್ತಿತು, ಕೀ ಹುಡುಕುವ ಭರದಲ್ಲಿ ಮಲ್ಲೇಶಪ್ಪ ಅದನ್ನು ನೋಡಲಿಲ್ಲ. ಅಕ್ಷರಗಳು ಬಂದವು, ಅಳಿಸಿಹೋದವು. ಮತ್ತೆ ಬಂದವು. ಬಹಳ ಹೊತ್ತು ಹಿಡಿದು ಮಾತು ಪೂರ್ತಿಯಾಯಿತು.

ಅವರ ಜೋಡಿ ಹೋಗಿದ್ರ ಛಲೋ ಇರ್ತಿತ್ತೇನು

ಅದು ಒಂದು ಗಳಿಗೆ ನಿಂತಿತು. ಆಮೇಲೆ ಕೊನೆಯ ಅಕ್ಷರ ಹೋಯಿತು. ಅದರ ಹಿಂದಿನದು ಹೋಯಿತು.

"ಅಳಿಸಬ್ಯಾಡ್ರಿ," ಎಂದು ಕಸ್ತೂರಿ ಕೋಣೆಯಿಂದಲೇ ಗಟ್ಟಿಯಾಗಿ ಹೇಳಿದಳು. "ನಾ ಓದೀನಿ."

ಪಡಸಾಲೆಯಲ್ಲಿ ಕುಕ್ಕುವ ಸದ್ದು ನಿಂತಿತು.

ಅವಳು ಕೀಗಳ ಮೇಲೆ ಬೆರಳಿಟ್ಟಳು. ಬೆರಳುಗಳಿಗೆ ದಾರಿ ತಿಳಿಯುತ್ತಿರಲಿಲ್ಲ, ಎಲ್ಲರ ಹಾಗೆ ಅವಳೂ ಹುಡುಕಿ ಒತ್ತಬೇಕಾಯಿತು. ಒಮ್ಮೊಮ್ಮೆ ಹಂಗ ಅನಸ್ತದ, ಎಂದು ಬರೆದಳು. ಇಲ್ಲ ಅಂತ ನಿಮಗ ಸುಳ್ಳು ಹೇಳೂದಿಲ್ಲ. ಆದ್ರ ನೀವು ಕೇಳಿದ್ದು ಭಾಳ ಛಲೋ ಆತು. ನಡುವೆ ಎರಡು ಕಡೆ ಅಕ್ಷರ ತಪ್ಪಿತು. ತಿದ್ದಲು ಹೋಗಲಿಲ್ಲ, ಕಳಿಸುವ ಕೀ ಒತ್ತಿದಳು.

ಆ ಕಡೆಯಿಂದ ಮಲ್ಲೇಶಪ್ಪ, ಹಳೆಯ ಟಿಕೆಟ್ಟಿನ ಮೇಲಿನ ಊರಿನ ಹೆಸರು ಓದುವವನ ಹಾಗೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದ.